ವಾಪಸ್ ಬಂದ ಆನೆ

‘ಸರ, ಹಂದಿ ಭಾಳ ಚಲೋ ಐತ್ರಿ. ಎಲ್ಲಿ ತಗೊಂಡ್ರಿ?’

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಹೀಗೆ ಕೇಳಿದಾಗ ನನಗೆ ಟಿಕೆಟ್ ಕೇಳುವುದೇ ಮರೆತುಹೋಯಿತು. ನನ್ನ ತೊಡೆಯ ಮೇಲೆ ಕೂತಿದ್ದದ್ದು ಆನೆ. ಬೂದು ಬಣ್ಣದ ಉಲನ್ನಿನ ಆನೆ. ಎರಡು ಕಿವಿ, ನಾಲ್ಕು ಕಾಲು, ಒಂದು ಸೊಂಡಿಲು, ಎಲ್ಲವೂ ಇತ್ತು. (ಸೊಂಡಿಲು ಸ್ವಲ್ಪ ಗಿಡ್ಡವಾಗಿತ್ತು. ಒಪ್ಪುತ್ತೇನೆ.)

‘ಇದು ಆನಿ ಐತೋ ತಮ್ಮಾ’ ಅಂದೆ.

ಪಕ್ಕದ ಸೀಟಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ‘ಎಲ್ಲಿ ಆನಿ? ಇಲಿ ಇದ್ದಂಗ ಐತಲ್ಲೋ ಯಪ್ಪಾ.’

ಇಪ್ಪತ್ತು ದಿನ ಕೂತು ಹೆಣೆದ ಮನುಷ್ಯನ ಎದುರಿಗೆ ಹೀಗೆಲ್ಲ ಅನ್ನಬಹುದೇ?

ಹೌದು, ಹೆಣೆದದ್ದು ನಾನೇ. ನಗಬೇಡಿ. ನಿಜ ಹೇಳಬೇಕೆಂದರೆ ಅರ್ಧ ಆನೆ ನನ್ನದು, ಅರ್ಧ ನನ್ನ ಹೆಂಡತಿ ಗಿರಿಜಾಳದು. ಅವಳ ತವರು ನರಗುಂದ. ಅವಳ ತಾಯಿ ಮಗಳಿಗೆ ಚಿಕ್ಕಂದಿನಲ್ಲೇ ಕ್ರೋಶಾ ಕಲಿಸಿಬಿಟ್ಟಿದ್ದರು. ಅದರ ಫಲವಾಗಿ ನಮ್ಮ ಮನೆಯಲ್ಲಿ ಟೀವಿಗೊಂದು, ಫ್ರಿಜ್ಜಿನ ಹಿಡಿಕೆಗೊಂದು, ನೀರಿನ ಕೊಡಕ್ಕೊಂದು ಕ್ರೋಶಾ ಹೊದಿಕೆ ಇದೆ. (ಒಂದೇ ಕಡೆ ಬಹಳ ಹೊತ್ತು ಕೂತರೆ ನನಗೂ ಒಂದು ಹಾಕಿಬಿಟ್ಟಾಳು ಅಂತ ನಾನು ಆಗಾಗ ಎದ್ದು ಓಡಾಡುತ್ತಿರುತ್ತೇನೆ.)

ನನ್ನ ತಂಗಿ ಸುನಂದಾ ಗಜೇಂದ್ರಗಡದಲ್ಲಿದ್ದಾಳೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಇತ್ತೀಚೆಗೆ ಅವಳೂ ಅವಳ ಗಂಡನೂ ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳನ್ನು ದತ್ತು ತೆಗೆದುಕೊಂಡು ಮನೆಗೆ ಕರೆತಂದರು. ಹೆಸರು ಚೈತ್ರಾ.

‘ಅಂಗಡ್ಯಾಗಿನ ಗೊಂಬಿ ಬ್ಯಾಡ. ನಾನ ಕೈಯಾರೆ ಮಾಡ್ತೀನಿ’ ಅಂದಳು ಗಿರಿಜಾ. ‘ಗಜೇಂದ್ರಗಡದ ಹುಡುಗಿಗೆ ಆನಿ ಬಿಟ್ಟು ಮತ್ತೇನ ಒಯ್ಯೂದ್ರಿ?’

ತಲೆ ಮುಗಿಯಿತು. ಹೊಟ್ಟೆ ಮುಗಿಯಿತು. ಅಷ್ಟರಲ್ಲಿ ಅವಳು ಬಚ್ಚಲಲ್ಲಿ ಜಾರಿದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ದವಾಖಾನಿಯಿಂದ ಬರುವಾಗ ಆಟೋದಲ್ಲೇ ನನಗೆ ಆರ್ಡರ್ ಆಯಿತು: ‘ಕಾಲು, ಕಿವಿ, ಸೊಂಡಿಲ ಉಳದಾವ. ಇನ್ನ ನೀವ ಮಾಡ್ರಿ.’

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಎರಡು ವರ್ಷದ ಹಿಂದೆ ರಿಟೈರ್ ಆದವನು. ಕ್ರೋಶಾ ಎಂದರೆ ಬರೀ ಲೆಕ್ಕ ಅಂತ ಧೈರ್ಯ ಮಾಡಿದೆ. ಮೊದಲ ಸುತ್ತಿಗೆ ಆರು ಕುಣಿಕೆ, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಆರರ ಮಗ್ಗಿ, ಅಷ್ಟೇ ತಾನೆ? ಆದರೆ ನಾನು ಎಣಿಸಿದಾಗ ಒಮ್ಮೆ ಹದಿನೇಳು, ಒಮ್ಮೆ ಹತ್ತೊಂಬತ್ತು. ಹೋದ ಕುಣಿಕೆ ಎಲ್ಲಿ ಹೋಯಿತು? ಬಂದದ್ದು ಎಲ್ಲಿಂದ ಬಂತು?

‘ಮೂವತ್ತು ವರ್ಷ ಹುಡುಗರಿಗೆ ಲೆಕ್ಕಾ ಕಲಿಸೀರಿ. ಹದಿನೆಂಟು ಎಣಸಾಕ ಬರಂಗಿಲ್ಲೇನ್ರಿ?’ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಗಿರಿಜಾ ಹೆಡ್‌ಮಾಸ್ತರರ ಹಾಗೆ ಕೇಳುತ್ತಿದ್ದಳು. ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಬಿಚ್ಚಿದೆ. ಕೊನೆಗೆ ನಾಲ್ಕು ಕಾಲು ನಾಲ್ಕು ಅಳತೆಯವಾದವು. ಹಳೆಯ ದಿಂಬಿನ ಅರಳೆ ತುಂಬಿ, ನನ್ನ ಅಂಗಿಯ ಎರಡು ಕಪ್ಪು ಗುಂಡಿ ಕಿತ್ತು ಕಣ್ಣು ಮಾಡಿ, ಆನೆ ಅಂತ ಘೋಷಿಸಿದೆವು.

ಅದನ್ನೇ ಬಸ್ಸಿನವರು ಹಂದಿ, ಇಲಿ ಅಂದದ್ದು.

ಸುನಂದಾಳ ಮನೆ ಮುಟ್ಟಿದಾಗ ಚೈತ್ರಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಗೊಂಬೆ ಮುಂದೆ ಹಿಡಿದೆ. ಎರಡೂ ಕೈಯಲ್ಲಿ ತೆಗೆದುಕೊಂಡು ಸಣ್ಣಗೆ ‘ಆನಿ’ ಅಂದಳು.

ನೋಡಿ! ಆ ಅಜ್ಜಿಯನ್ನೂ ಕಂಡಕ್ಟರನ್ನೂ ಕರೆದು ಕೇಳಿಸಬೇಕು ಅನ್ನಿಸಿತು.

ದಿನವಿಡೀ ಆ ಹುಡುಗಿ ಆನೆಯನ್ನು ಬಿಡಲಿಲ್ಲ. ಅದಕ್ಕೆ ಅನ್ನ ತಿನ್ನಿಸಿದಂತೆ ಮಾಡಿದಳು. ಟವೆಲ್ ಹೊದಿಸಿ ಮಲಗಿಸಿದಳು. ನೆಲಕ್ಕೆ ಇಡುವ ಮೊದಲು ತನ್ನ ಅಂಗೈಯಿಂದ ನೆಲ ಒರೆಸಿದಳು. ಎಷ್ಟು ಜೋಪಾನ ಈ ಕೂಸಿಗೆ ಅಂತ ನನಗೆ ಹೆಮ್ಮೆ.

ನಾಲ್ಕು ಗಂಟೆಗೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಚೈತ್ರಾ ಬಂದು ಆನೆಯನ್ನು ನನ್ನ ಮುಂದೆ ಹಿಡಿದಳು. ‘ತಗೋರಿ ಮಾಮಾ.’

‘ಇದು ನಿಂದವ್ವಾ.’

‘ಹೂಂ. ಆಡಿದ್ನಿ. ತಗೋರಿ.’

ನಾನು ನಕ್ಕು ತಿರುಗಿ ಅವಳ ಕೈಗಿಟ್ಟೆ. ಅವಳು ಮತ್ತೆ ಚಾಚಿದಳು. ಮೂರನೇ ಸಲ ನಾನು ಬೇಡ ಅಂದಾಗ ಅವಳ ಕೆಳತುಟಿ ನಡುಗತೊಡಗಿತು. ಹಿಂದೆ ನಿಂತಿದ್ದ ಸುನಂದಾ ‘ಈಗ ತಗೊ’ ಅಂತ ಕಣ್ಣಲ್ಲೇ ಹೇಳಿದಳು. ತೆಗೆದುಕೊಂಡೆ. ಮಗುವಿನ ಮುಖ ಒಮ್ಮೆಲೇ ಹಗುರಾಯಿತು. ನನಗೆ ಮಾತ್ರ ಏನೂ ತಿಳಿಯಲಿಲ್ಲ.

ಇಷ್ಟವಾಗಲಿಲ್ಲವೇ? ಹಾಗಿದ್ದರೆ ಇಡೀ ದಿನ ಯಾಕೆ ಅಪ್ಪಿಕೊಂಡಿದ್ದಳು? ನಾನೇನಾದರೂ ಅನ್ನಬಾರದ್ದು ಅಂದೆನೇ? ಬಸ್ಸಿನಲ್ಲಿ ಆನೆಯನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು ಕೂತೆ. ಮನೆಗೆ ಬಂದರೆ ಗಿರಿಜಾಳದು ಬೇರೆ: ‘ಸಣ್ಣ ಹುಡುಗಿ ಕೊಟ್ಟರ ನೀವು ತಗೊಂಡ ಬಂದುಬಿಡೂದಾ?’

ಬಿಟ್ಟು ಬಂದಿದ್ದರೆ ಅಳುತ್ತಿತ್ತು. ತಂದದ್ದಕ್ಕೆ ಬೈಗುಳ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮರುದಿನ ಸುನಂದಾ ಫೋನ್ ಮಾಡಿದಳು. ಚೈತ್ರಾ ಮೊದಲಿದ್ದ ಮಕ್ಕಳ ಮನೆಯಲ್ಲಿ ಅವಳನ್ನು ನೋಡಿಕೊಂಡಿದ್ದ ಆಯಾಗೆ ಕೇಳಿದಳಂತೆ. ಅಲ್ಲಿ ರಜೆಯ ದಿನ ಊರಿನವರು ಗೊಂಬೆ ತಂದು ಕೊಡುತ್ತಿದ್ದರು. ಫೋಟೋ ಆಗುತ್ತಿತ್ತು. ಬಂದವರು ಹೊರಟ ಮೇಲೆ ಗೊಂಬೆಗಳೆಲ್ಲ ಕಪಾಟಿನ ಮೇಲಿನ ಅರೆಗೆ. ಯಾರದೂ ತಪ್ಪಲ್ಲ. ಗೊಂಬೆ ಕಡಿಮೆ, ಮಕ್ಕಳು ಬಹಳ. ಕೆಳಗೆ ಬಿಟ್ಟರೆ ಜಗಳ. ಹಾಗಾಗಿ ಮಕ್ಕಳಿಗೆ ಒಂದು ಪಾಠ ಬಾಯಿಪಾಠ: ಆಡಬೇಕು, ಒರೆಸಬೇಕು, ವಾಪಸ್ ಕೊಡಬೇಕು.

‘ಹೊಸಾ ಚಪ್ಪಲಿ ಕೊಡಿಸೀನಲ್ಲ ಅಣ್ಣಾ, ದಿನಾ ಸಂಜಿಮುಂದ ಒರಸಿ ನನ್ನ ಕೈಯಾಗ ಕೊಡ್ತಾಳ’ ಅಂದಳು ಸುನಂದಾ. ‘ಎಷ್ಟ ಶಿಸ್ತಿನ ಹುಡುಗಿ ಅಂತ ನಾ ಓಣ್ಯಾಗೆಲ್ಲ ಹೇಳ್ಕೊಂತ ಅಡ್ಡಾಡೀನಿ.’ ಅಷ್ಟಂದು ಫೋನ್ ಇಟ್ಟುಬಿಟ್ಟಳು.

ಮುಂದಿನ ಭಾನುವಾರ ಗಿರಿಜಾಳೂ ಹೊರಟಳು. ಆನೆಯೂ ಹೊರಟಿತು. ಚೈತ್ರಾ ಅದನ್ನು ಕಂಡು ಹಳೆಯ ಗೆಳತಿ ಬಂದಂತೆ ಓಡಿ ಬಂದಳು. ಎಲ್ಲ ಸರಿಯಾಗೇ ಇತ್ತು. ಊಟದ ಹೊತ್ತಿಗೆ ಹುಡುಗಿ ಕಾಣಿಸಲಿಲ್ಲ.

ಅಡುಗೆಮನೆಯಲ್ಲಿಲ್ಲ. ಮಾಳಿಗೆಯ ಮೇಲಿಲ್ಲ. ಹಿತ್ತಲಲ್ಲಿಲ್ಲ. ನಡುಮನೆಯ ನೆಲದ ಮೇಲೆ ಆನೆ ಮಾತ್ರ ಬಿದ್ದಿತ್ತು. ಒಂದು ಕಿವಿ ಕಿತ್ತು ದಾರದಲ್ಲಿ ಜೋತಾಡುತ್ತಿತ್ತು. (ಹೊಲಿದವನು ನಾನೇ ಅಂತ ಬೇರೆ ಹೇಳಬೇಕೇ?) ನಾನು ಮೊಣಕಾಲೂರಿ ಬಗ್ಗಿ ಮಂಚದ ಕೆಳಗೆ ನೋಡಿದೆ. ಗೋಡೆಗೆ ಅಂಟಿಕೊಂಡು ಕೂತಿದ್ದಳು.

‘ನಾ ಹರದಿಲ್ರಿ.’

‘ಗೊತ್ತೈತವ್ವಾ. ನಾನ ಚಂದಂಗ ಹೊಲದಿದ್ದಿಲ್ಲ.’

‘ಆನಿ ವಾಪಸ್ ಹೋಗತೈತ್ರಿ?’

‘ಇಲ್ಲ. ಇಲ್ಲೇ ಇರತೈತಿ.’

ಗೋಡೆ ಬಿಟ್ಟು ಒಂಚೂರು ಮುಂದೆ ಸರಿದಳು. ಆಮೇಲೆ ಕೇಳಿದಳು.

‘ನಾನ್ರಿ?’

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುತ್ತಲೇ ಸಂಬಳ ತೆಗೆದುಕೊಂಡವನು ನಾನು. ಈಗ ಹಿಂದೆ ತಿರುಗಿ ತಂಗಿಯ ಮುಖ ನೋಡಿದೆ. ನಾವು ಗೊಂಬೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಆ ಕೂಸು ಇಷ್ಟು ದಿನ ಏನನ್ನು ಯೋಚಿಸುತ್ತಾ ಮಲಗುತ್ತಿತ್ತೋ!

ಹಿಂದೆ ನಿಂತಿದ್ದ ಸುನಂದಾ ಕೈಯಲ್ಲಿದ್ದ ಸೌಟನ್ನು ನೆಲಕ್ಕಿಟ್ಟಳು. ಉಟ್ಟ ಸೀರೆಯಲ್ಲೇ ಬೋರಲು ಮಲಗಿ, ತೆವಳುತ್ತಾ ಮಂಚದ ಕೆಳಗೆ ಹೋದಳು. ನಮಗೆ ಅವಳ ಹಿಮ್ಮಡಿ ಮಾತ್ರ ಕಾಣುತ್ತಿತ್ತು.

‘ನೀ ಎಲ್ಲಿಗೂ ಹೋಗಂಗಿಲ್ಲ’ ಅಂತ ಒಳಗಿನಿಂದ ದನಿ ಬಂತು. ‘ಇದು ನಿನ್ನ ಮನಿ.’

‘ಕಿವಿ ಹರದ್ರೂ?’

‘ಎರಡೂ ಕಿವಿ ಹರದ್ರೂ.’

‘ಕಾಲ?’

‘ನಾಕೂ ಕಾಲ ಹರದ್ರೂ.’

‘ಕಾಲ ಹರದ್ರ ಚಲೋನ ಆತು ಬಿಡ’ ಅಂದಳು ಬಾಗಿಲಲ್ಲಿ ನಿಂತಿದ್ದ ಗಿರಿಜಾ, ಕಣ್ಣೊರೆಸಿಕೊಳ್ಳುತ್ತಾ. ‘ನಾಕೂ ಸಮಾ ಇರೂವಂಥಾವ ಹಚ್ಚಿಕೊಡ್ತೀನಿ.’

ಒಲೆಯ ಮೇಲಿನ ಪಲ್ಯ ಸೀದುಹೋಯಿತು. ತಾಯಿ ಮಗಳು ಹೊರಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಊಟವಾದ ಮೇಲೆ ನಾನು ಕಿವಿ ಹೊಲಿದೆ. ಚೈತ್ರಾ ಪಕ್ಕದಲ್ಲಿ ಕೂತು ದಾರದ ಉಂಡೆ ಹಿಡಿದುಕೊಂಡಿದ್ದಳು. ಎರಡು ಸಲ ಗಂಟು ಹಾಕಿಸಿದಳು.

ನಾಲ್ಕು ಗಂಟೆ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ. ಈಗ ಕೊಡುತ್ತಾಳೆ, ಈ ಸಲ ಏನು ಹೇಳಲಿ ಅಂತ ಒಳಗೊಳಗೇ ಮಾತು ಜೋಡಿಸುತ್ತಿದ್ದೆ. ಹುಡುಗಿ ಬರಲೇ ಇಲ್ಲ.

‘ಮಾಮಾ, ಅತ್ತಿ ಹೊಂಟಾರ ನೋಡು. ಟಾಟಾ ಮಾಡು ಬಾ’ ಅಂತ ಸುನಂದಾ ಕೂಗಿದಳು. ಒಳಕೋಣೆಯ ಬಾಗಿಲ ಸಂದಿಯಲ್ಲಿ ಎರಡು ಪುಟ್ಟ ಪಾದ, ಮೇಲೆ ಒಂದಿಷ್ಟು ಬೂದು ಸೊಂಡಿಲು ಕಾಣುತ್ತಿತ್ತು. ನಾನು ಒಂದು ಹೆಜ್ಜೆ ಆ ಕಡೆ ಇಟ್ಟೆ. ಸೊಂಡಿಲು ಸರಕ್ಕನೆ ಒಳಗೆ ಹೋಯಿತು.

‘ಬ್ಯಾಡ ಬಿಡ, ಕರೀಬ್ಯಾಡ’ ಅಂದು ಹೊರಟುಬಿಟ್ಟೆವು.

ಬಸ್ಸಿನಲ್ಲಿ ಗಿರಿಜಾ ‘ಆನಿ ತನ್ನದು ಅಂತ ತಿಳೀತ್ರಿ ಕೂಸಿಗೆ’ ಅಂದಳು. ಇರಬಹುದು. ಆದರೆ ನಾನು ಕಸಿದುಕೊಂಡು ಹೋಗುತ್ತೇನೆ ಅಂತ ಹೆದರಿ ಅಡಗಿದ್ದರೆ? ನನಗೆ ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಈಗಲೂ ಗೊತ್ತಾಗುತ್ತಿಲ್ಲ.

ಅಥವಾ, ತನ್ನದು ಅನ್ನಿಸಿದ ಮೇಲೆಯೇ ಅಲ್ಲವೇ, ಯಾರಾದರೂ ಒಯ್ದುಬಿಟ್ಟಾರು ಅನ್ನುವ ಹೆದರಿಕೆ ಶುರುವಾಗುವುದು?