ನೀವು ಒತ್ತದ ಬಟನ್

ರೇಣುಕಾ ಅವರೇ, ಅವತ್ತು ತಪ್ಪಿದ್ದು ನೀವಲ್ಲ, ನಾನು. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ.

ವಿಶ್ವವಿದ್ಯಾಲಯದ ಜಾಲತಾಣವನ್ನು ವಿನ್ಯಾಸ ಮಾಡಿದವನು ನಾನು. ಸವಣೂರಿನಂಥ ಸಣ್ಣ ಊರಿನವನಾಗಿ ಇಂಥ ಕೆಲಸ ಮಾಡುತ್ತೇನೆಂಬ ಜಂಬ ಬೇರೆ. ಪ್ರವೇಶದ ಅರ್ಜಿಯ ಪುಟದಲ್ಲಿ ‘ವಿವರ ಉಳಿಸಿ’ ಎಂಬ ಬಟನ್ನನ್ನು ದೊಡ್ಡದಾಗಿ, ಕಣ್ಣಿಗೆ ಹೊಡೆಯುವ ಹಸಿರಿನಲ್ಲಿ ಇಟ್ಟೆ. ‘ಅರ್ಜಿ ಸಲ್ಲಿಸಿ’ ಎಂಬುದನ್ನು ಅದರ ಎಷ್ಟೋ ಕೆಳಗೆ, ಸಣ್ಣಗೆ, ಬೂದುಬಣ್ಣದಲ್ಲಿ. ಎರಡೂ ಹಸಿರಾದರೆ ಪುಟದ ಅಂದ ಕೆಡುತ್ತದಂತೆ! ಆ ಅಂದಕ್ಕಿಷ್ಟು ಬೆಂಕಿ ಬೀಳಲಿ.

ಎಚ್ಚರಿಕೆ ಸಿಕ್ಕಿರಲಿಲ್ಲವೆಂದಲ್ಲ. ಕಚೇರಿಯ ಕಸ ಗುಡಿಸುವ ಫಕ್ಕೀರವ್ವ ಏಳನೆಯ ತರಗತಿ ಓದಿದವಳು. ಅವಳ ಕೈಗೆ ಮೊಬೈಲ್ ಕೊಟ್ಟು, ಅರ್ಜಿ ತುಂಬಿ ನೋಡು ಎಂದಿದ್ದೆ. ಹಸಿರು ಬಟನ್ ಒತ್ತಿ ಅವಳು ಮೊಬೈಲ್ ಹಿಂದೆ ಕೊಟ್ಟಳು. “ಆತಲ್ರೀ ಸಾಹೇಬ್ರ, ಮುಗೀತು.” ನಾನು ನಕ್ಕೆ. ಇವಳಿಗೇನು ತಿಳಿಯುತ್ತದೆ ಎಂದುಕೊಂಡು ಪುಟವನ್ನು ಹಾಗೆಯೇ ಬಿಟ್ಟೆ.

ನೀವು ಹಾನಗಲ್ಲಿನಿಂದ ಬಂದಾಗ ಎಂ.ಎ. ಅರ್ಜಿಯ ಗಡುವು ಮುಗಿದು ಎರಡು ದಿನವಾಗಿತ್ತು. ಅರ್ಜಿ ಹಾಕಿದವರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಯಾರೋ ನಿಮ್ಮನ್ನು ನನ್ನ ಬಳಿ ಕಳಿಸಿದ್ದರು. ಜೊತೆಗೆ ನಿಮ್ಮ ಅತ್ತೆ. “ಎರಡ ವರ್ಷ ಹುಡುಗೂರನ್ನ ನಾ ನೋಡ್ಕೊಂತೇನಿ ಅಂದೇನ್ರೀ. ಇನ್ನ ಮುಂದ ನನ್ನ ಮೊಣಕಾಲು ಕೇಳಂಗಿಲ್ಲ. ಈ ವರ್ಷ ತಪ್ಪಿದ್ರ ಇಕಿ ಓದು ಮುಗದಂಗ,” ಎಂದರು. ಕಂಪ್ಯೂಟರಿನಲ್ಲಿ ನೋಡಿದೆ — ನಿಮ್ಮ ವಿವರಗಳೆಲ್ಲ ಉಳಿದಿದ್ದವು, ಅರ್ಜಿ ಸಲ್ಲಿಕೆಯಾಗಿರಲಿಲ್ಲ. ನಿಮ್ಮಂತೆಯೇ ಅಲ್ಲಿಗೇ ನಿಂತವರು ಸಾಲುಸಾಲಾಗಿದ್ದರು. ದೋಷ ಪುಟದ್ದೇ ಎಂದು ಕುಲಸಚಿವರಿಗೆ ಒಂದು ಸಾಲು ಬರೆದುಕೊಟ್ಟಿದ್ದರೆ — ಗಡುವು ಮುಂದೆ ಹೋಗುತ್ತಿತ್ತೋ ಏನೋ. ನನ್ನ ಗುತ್ತಿಗೆ ಕೆಲಸವೂ ಹೋಗುತ್ತಿತ್ತೋ ಏನೋ.

“ನೀವ ಕೊನೀ ಬಟನ್ ಒತ್ತಿಲ್ರೀ, ಅಕ್ಕಾರ,” ಎಂದೆ.

ನೀವು ಅತ್ತೆಯ ಮುಖ ನೋಡಲಿಲ್ಲ. “ನಂದ ತಪ್ಪಾತ್ರೀ ಸರ್. ನಿಮಗ ಸುಮ್ನ ತ್ರಾಸ ಕೊಟ್ವಿ,” ಎಂದಿರಿ. ಅದಕ್ಕೆ ನಾನು — ಪರವಾಗಿಲ್ಲ ಎಂದೆ! ನೀವು ಹೋದ ಮೇಲೆ, ಅದೇ ಮಧ್ಯಾಹ್ನ, ಆ ಬೂದು ಬಟನ್ನಿಗೆ ಹಸಿರು ಬಣ್ಣ ಕೊಟ್ಟು ಮೇಲಕ್ಕೆ ತಂದೆ. ಯಾರೂ ಏನೂ ಕೇಳಲಿಲ್ಲ.

ಮರುವರ್ಷದ ಅರ್ಜಿಗಳಲ್ಲಿ ನಿಮ್ಮ ಹೆಸರು ಹುಡುಕಿದೆ. ಇರಲಿಲ್ಲ. ಅದರ ಮುಂದಿನ ವರ್ಷವೂ... ಹೇಳಿಬಿಡಬೇಕೆಂದು ಎಷ್ಟೋ ಸಲ ಹಾನಗಲ್ಲಿನ ಬಸ್ಸು ಹತ್ತಿದ್ದೇನೆ. ಇಳಿದು, ಒಂದು ಚಹಾ ಕುಡಿದು, ಬಂದ ದಾರಿಯಲ್ಲೇ ತಿರುಗಿದ್ದೇನೆ.

ಇಷ್ಟು ವರ್ಷಗಳ ಮೇಲೆ, ಹೋದ ವಾರ ಶಿಗ್ಗಾಂವದ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಕಂಡೆ. ಪಕ್ಕದಲ್ಲಿ ನಿಮ್ಮ ಮಗಳು ಮೊಬೈಲಿನಲ್ಲಿ ಕಾಲೇಜಿನ ಅರ್ಜಿ ತುಂಬುತ್ತಿದ್ದಳು. “ಸಾವಕಾಶ ನೋಡಿ ಒತ್ತವ್ವ,” ಎಂದಿರಿ. “ನಿಮ್ಮವ್ವನಂಗ ದಡ್ಡತನ ಮಾಡಬ್ಯಾಡ.” ಮಗಳು ನಕ್ಕಳು. ನೀವೂ ನಕ್ಕಿರಿ. ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಬಸ್ಸು ಬಂತು, ನೀವು ಹತ್ತಿದಿರಿ.

ಈ ಪತ್ರವನ್ನು ನಿಮ್ಮ ಮಗಳ ಎದುರೇ ಓದಿ. ಅವಳ ಅವ್ವ ದಡ್ಡಿಯಲ್ಲ.