ರೇಷ್ಮೆಯ ಎಳೆಗೆ ಸಿಕ್ಕಿದ ಹೆಬ್ಬೆರಳು

ಅಗ್ಗದ ಸೋಪಿಗೆ ನಾನು ತೆತ್ತ ಬೆಲೆ ಒಂದು ಇಳಕಲ್ ಸೀರೆ. ದಾಳಿಂಬೆ ಬಣ್ಣದ್ದು, ಸೆರಗೆಲ್ಲ ಶುದ್ಧ ರೇಷ್ಮೆ. ಕೆಡಿಸಿದ್ದು ಇಲಿಯಲ್ಲ, ಇಸ್ತ್ರಿಯಲ್ಲ, ನನ್ನದೇ ಹೆಬ್ಬೆರಳು.

ಬೈರಿದೇವರಕೊಪ್ಪದ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಸೀರೆ ವ್ಯಾಪಾರ. ಗಂಟು ಹೊತ್ತು ಮನೆ ಮನೆ ತಿರುಗಿ ಕಟ್ಟಿಕೊಂಡದ್ದು. ನೂಲು ಅಸಲಿಯೋ ಬೆರಕೆಯೋ ಎಂದು ಕಣ್ಣು ಮುಚ್ಚಿ ಬೆರಳಿಂದಲೇ ಹೇಳುತ್ತಿದ್ದೆ. ನೇಕಾರರೊಡನೆ ಚೌಕಾಸಿಗೆ ಅದೇ ನನ್ನ ಬಂಡವಾಳ. ಕೊರೋನಾ ಕಾಲದಲ್ಲಿ ಒಬ್ಬ ಗಿರಾಕಿ ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಕೈ ತೊಳೆಯುವ ರೂಢಿಯಾಯಿತು. ಆಮೇಲೂ ಅದನ್ನು ಬಿಡಲಿಲ್ಲ, ಸೀರೆಗೆ ಬೆವರಿನ ಕಲೆ ತಪ್ಪಿತಲ್ಲ. ಆದರೆ ತಂದದ್ದು ಕ್ಯಾನಿನಲ್ಲಿ ಮಾರುವ ಅಗ್ಗದ ದ್ರವ ಸೋಪು. ತೊಳೆದರೆ ಕೈ ಕಿರ್ ಅನ್ನಬೇಕು ಎಂಬ ಲೆಕ್ಕ, ಮೇಲೆ ಬಿಸಿನೀರು. ಜಿಡ್ಡುಗೈಯಲ್ಲಿ ರೇಷ್ಮೆ ಮುಟ್ಟಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ಎಣ್ಣೆಯ ಹನಿಯನ್ನೂ ಹಚ್ಚುತ್ತಿರಲಿಲ್ಲ. ಚಳಿಗಾಲ ಬಂತು, ಬೆರಳ ತುದಿಗಳು ಬೇಸಿಗೆಯ ಎರೆಹೊಲದಂತೆ ಬಿರಿದವು.

ಆಗಲೇ ಸಪ್ತಾಪುರದ ನನ್ನ ಹಳೆಯ ಗಿರಾಕಿ, ಕಾಲೇಜಿನಲ್ಲಿ ಪಾಠ ಹೇಳುವವರು, ಮಗಳ ಮದುವೆಗೆ ಸೀರೆ ನೋಡಲು ಬಂದರು. ದಾಳಿಂಬೆ ಸೀರೆಯ ಸೆರಗು ಹಾಸಿ ಕೈಯಾಡಿಸಿದೆ. ಹೆಬ್ಬೆರಳ ಬಿರುಕಿಗೆ ಸಿಕ್ಕು ಒಂದು ಎಳೆ ಸರ್ರನೆ ಎದ್ದು ಬಂತು.

"ಇದೇನ್ರಿ ಅಕ್ಕಾರ, ಕೈಯೋ ಗರಗಸೋ?"

"ಚಳಿಗಾಲ್ರಿ, ಎಲ್ಲಾರಿಗೂ ಹಿಂಗ ಆಗ್ತೈತಿ."

"ಮುಂದಿನ ತಿಂಗಳ ಬೀಗರನ್ನ ಕರ್ಕೊಂಡ ಬರ್ತೀನಿ. ಅಷ್ಟರಾಗ ಕೈ ಛಲೋ ಮಾಡ್ಕೊಳ್ರಿ. ಇಲ್ಲಾಂದ್ರ ಪ್ಯಾಟ್ಯಾಗ ಅಂಗಡಿ ಭಾಳ ಅದಾವ."

ಒಂದಿಡೀ ಮದುವೆಯ ವ್ಯಾಪಾರ ಹೊಸ್ತಿಲ ಮೇಲೆ ನಿಂತಿತ್ತು. ಮರುದಿನವೇ ಚರ್ಮದ ಡಾಕ್ಟರರ ಬಳಿ ಹೋದೆ. ನಾನು ಜರಿ ನೋಡುವ ಹಾಗೆ ಅವರು ನನ್ನ ಬೆರಳನ್ನು ತಿರುವಿ ತಿರುವಿ ನೋಡಿದರು.

"ಚರ್ಮಕ್ಕೂ ತನ್ನದ ಒಂದ ಜಿಡ್ಡ ಇರ್ತೈತ್ರಿ. ಅದನ್ನೂ ತೊಳದ ಹಾಕೀರಿ. ಕೈ ತೊಳಿಯೂದ ಬಿಡಬ್ಯಾಡ್ರಿ, ಆ ಸೋಪ ಬಿಡ್ರಿ," ಎಂದು ಒಂದು ಕ್ರೀಮು ಬರೆದರು.

"ಇದಕ್ಕಿಂತ ಸೋವಿದು ಇಲ್ಲೇನ್ರಿ?"

"ಐತಲ್ರಿ, ಪೆಟ್ರೋಲಿಯಂ ಜೆಲ್ಲಿ. ನನ್ನ ಫೀ ಮಾತ್ರ ಸೋವಿ ಆಗಂಗಿಲ್ಲ."

"ಸೀರಿಗೆ ಕಲಿ ಬೀಳತೈತ್ರಿ."

"ಜೆಲ್ಲಿ ರಾತ್ರಿಗೆ. ದಪ್ಪಗ ಹಚ್ಚಿ ಹತ್ತಿ ಗ್ಲೌಸ್ ಹಾಕ್ಕೊಂಡ ಮಲಗ್ರಿ. ಹಗಲಿಗೆ ಕ್ರೀಮ ತೆಳ್ಳಗ. ಚಹಾ ಕುಡಿಯೂದ್ರಾಗ ಹೀರ್ಕೊಂತೈತಿ."

ಚಹಾದ ಮಾತು ನನಗೆ ಹಿಡಿಸಿತು. ಅಂದಿನಿಂದ ಮೃದು ಸೋಪಿನಲ್ಲಿ ಕೈ ತೊಳೆದು, ಕ್ರೀಮು ಸವರಿ, ಗಿರಾಕಿಗೂ ಒಂದು ಕಪ್ ಚಹಾ ಕೊಟ್ಟು ಕೂರುತ್ತೇನೆ. ಚಹಾ ಕುಡಿದವರು ಬೆಲೆಗಾಗಿ ಅಷ್ಟು ಜಗ್ಗಾಡುವುದಿಲ್ಲ ಎಂಬುದು ಆಮೇಲೆ ತಿಳಿದ ಲಾಭ.

ಹೇಳಿದಂತೆ ಅವರು ಬೀಗರೊಂದಿಗೆ ಬಂದರು. ಸೆರಗಿನ ಮೇಲೆ ಕೈಯಾಡಿಸಿದೆ. ಒಂದು ಎಳೆಯೂ ಅಲುಗಲಿಲ್ಲ.

"ಗರಗಸ ಎಲ್ಲಿಟ್ರಿ?"

"ಛಲೋ ರೇಟ್ ಬಂತ್ರಿ, ಮಾರಿಬಿಟ್ಟೆ."

ಮದುವೆಯ ಸೀರೆಗಳೆಲ್ಲ ನನ್ನಲ್ಲೇ ಆದವು. ಎಳೆ ಎದ್ದ ದಾಳಿಂಬೆ ಸೀರೆಯನ್ನು ನಾನೇ ಉಟ್ಟು ಆ ಮದುವೆಗೆ ಹೋದೆ.

ನಿಮಗೂ ಹೇಳುತ್ತೇನೆ, ಇದು ಪುಕ್ಕಟೆ. ಕೈ ತೊಳೆಯಲು ಉಗುರುಬೆಚ್ಚಗಿನ ನೀರು, ಘಮಘಮ ಇಲ್ಲದ ಮೃದು ಸೋಪು ಸಾಕು. ಉಂಗುರದ ಕೆಳಗೆ ಸೋಪು ಉಳಿಯಲು ಬಿಡಬೇಡಿ. ತಿಕ್ಕದೆ, ಒತ್ತಿ ಒರೆಸಿ. ಪಸೆ ಇರುವಾಗಲೇ ಕ್ರೀಮು ಹಚ್ಚಿ. ಪಾತ್ರೆ ತಿಕ್ಕುವಾಗ ಗ್ಲೌಸು ಇರಲಿ. ಬಿರುಕಿನಲ್ಲಿ ರಕ್ತ ಬಂದರೆ, ತುರಿಕೆ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಚೌಕಾಸಿ ಬೇರೆ ಎಲ್ಲದರಲ್ಲೂ ಮಾಡಿ, ಸೋಪಿನಲ್ಲಿ ಬೇಡ. ಇನ್ನೊಂದು: ಕ್ರೀಮಿನ ಡಬ್ಬಿಯನ್ನು ನಲ್ಲಿಯ ಪಕ್ಕದಲ್ಲೇ ಇಡಿ. ಕಪಾಟಿನಲ್ಲಿಟ್ಟರೆ ನೀವು ಹಚ್ಚುವುದಿಲ್ಲ.