ಹನ್ನೊಂದು ಸೆಕೆಂಡಿನ ತಪಾಸಣೆ

2018ರಲ್ಲಿ ನಾನು ಡೆಟ್ರಾಯಿಟ್ ಹೊರವಲಯದ ವಿಕ್ಸಮ್‌ನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಹಿರಿಯ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದೆ. ಕಟ್ಟಡ ನಿಲ್ಲುತ್ತದೆಯೇ ಬೀಳುತ್ತದೆಯೇ ಎಂದು ಬರೆದು ಅದರ ಕೆಳಗೆ ರುಜು ಹಾಕುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಆ ಎರಡು ವರ್ಷ ನನಗೆ ದಕ್ಕಲಿಲ್ಲ. ಯಾಕೆ ಎಂಬುದೇ ಈ ಪ್ರಕರಣ.

ಆ ಬೇಸಿಗೆಯಲ್ಲಿ ನಗರಾಡಳಿತದಿಂದ ಕಂಪನಿಗೆ ಡೆಟ್ರಾಯಿಟ್ ಪೂರ್ವಭಾಗದ ಪಾಳುಮನೆಗಳ ಸರ್ವೆ ಸಿಕ್ಕಿತು. ಒಂದು ಕಾಲಕ್ಕೆ ಕಾರು ಕಾರ್ಖಾನೆಯ ಕೆಲಸಗಾರರಿಂದ ತುಂಬಿದ್ದ ಬೀದಿಗಳವು. ಮೊದಲು ಬಿಳಿಯರು ಹೋದರು, ಆಮೇಲೆ ಕಾರ್ಖಾನೆ ಹೋಯಿತು, ಬ್ಯಾಂಕು ಹೋಯಿತು, ಕೊನೆಗೆ ಬಸ್ಸೂ ಹೋಯಿತು. ಹೋಗಲು ಜಾಗವಿಲ್ಲದವರು, ಹೋಗಲು ಮನಸ್ಸಿಲ್ಲದವರು ಉಳಿದರು. ಉಳಿದವರಲ್ಲಿ ಹೆಚ್ಚಿನವರು ಕಪ್ಪು ಜನರು.

ನಾವು ಮಾಡಿದ್ದಕ್ಕೆ ವೃತ್ತಿಯಲ್ಲಿ ‘ವಿಂಡ್‌ಶೀಲ್ಡ್ ಸರ್ವೆ’ ಎನ್ನುತ್ತಾರೆ. ಕಾರಿನಿಂದ ಇಳಿಯದೆ, ಗಂಟೆಗೆ ಹತ್ತು ಮೈಲಿ ವೇಗದಲ್ಲಿ ಸಾಗುತ್ತ, ಗಾಜಿನೊಳಗಿಂದಲೇ ಮನೆ ನೋಡಿ ಟ್ಯಾಬ್ಲೆಟ್‌ನಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡುವುದು. ಒಂದು ಎಂದರೆ ಸುಭದ್ರ, ಐದು ಎಂದರೆ ಕೆಡವಬಹುದು. ಹೆಚ್ಚು ಅಂಕ ಪಡೆದವರನ್ನು ನೆಲಸಮ ಮಾಡುವ ಪರೀಕ್ಷೆಯನ್ನು ನಾನು ಕಂಡದ್ದು ಅಲ್ಲಿ ಮಾತ್ರ. ನೋಡುವವನು ನಾನು, ಕಾರು ಓಡಿಸುವವರು ಪ್ರಾಜೆಕ್ಟ್ ಮ್ಯಾನೇಜರ್ ಪಾಟೀಲ್. ಧಾರವಾಡದವರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ಬಾಗಿಲು ಲಾಕ್, ಗಾಜು ಬಂದ್, ಎ.ಸಿ. ಎಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ನಗರದ ದುಃಸ್ಥಿತಿಯನ್ನು ನಾವು ಆ ಹಿತಕರ ಹವೆಯಲ್ಲಿ ಅಧ್ಯಯನ ಮಾಡಿದೆವು.

ಮೂರನೆಯ ದಿನ ಒಂದು ಬೀದಿಗೆ ಬಂದೆವು. ಮೂವತ್ತು ಸೈಟುಗಳಲ್ಲಿ ಏಳು ಮನೆ ಉಳಿದಿದ್ದವು. ಮೂಲೆಯದು ಎರಡಂತಸ್ತಿನ ಇಟ್ಟಿಗೆ ಮನೆ. ಮುಂಭಾಗದ ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದಿತ್ತು, ಪೋರ್ಚಿನ ಒಂದು ಕಂಬ ವಾಲಿತ್ತು. ಆ ಪೋರ್ಚಿನಲ್ಲಿ ವಯಸ್ಸಾದ ಕಪ್ಪು ಮಹಿಳೆಯೊಬ್ಬರು ನಿಂತು ನಮ್ಮತ್ತ ಕೈ ಬೀಸುತ್ತಿದ್ದರು.

“ಪಾಟೀಲ್ರೇ, ಯಾರೋ ಕರೀತಿದಾರೆ ಅನ್ಸತ್ತೆ.”

“ನೋಡಬ್ಯಾಡ್ರಿ ಮೂರ್ತಿ ಸರ್, ಸುಮ್ನ ಬರಕೊಳ್ರಿ. ಈ ಏರಿಯಾದಾಗ ಕರದವರಿಗೆಲ್ಲಾ ಗಾಡಿ ನಿಲ್ಲಸ್ತಾರೇನು?”

ಅವರು ಆಕ್ಸಿಲರೇಟರ್ ಒತ್ತಿದರು. ನಾನು ಬರೆದೆ: ಅಂಕ ಐದು; ವಾಸ ಇಲ್ಲ. ಪ್ರತಿ ಮನೆಗೆ ಹಿಡಿದ ಸಮಯವನ್ನು ಟ್ಯಾಬ್ಲೆಟ್ ತಾನಾಗಿಯೇ ದಾಖಲಿಸುತ್ತಿತ್ತೆಂದು ಆಮೇಲೆ ತಿಳಿಯಿತು. ಈ ಮನೆಯ ಮೇಲಿನ ನನ್ನ ಗಾಢ ಸಂಶೋಧನೆಗೆ ಹನ್ನೊಂದು ಸೆಕೆಂಡ್ ಹಿಡಿದಿತ್ತು.

ಒಂದು ತಿಂಗಳ ನಂತರ ನಗರಾಡಳಿತದ ಮೂಲಕ ಒಂದು ಆಕ್ಷೇಪಣೆ ಪತ್ರ ಬಂತು. ಬರೆದವರು ಆ ಮನೆಯ ಒಡತಿ ಮಿಸೆಸ್ ಹ್ಯಾಂಪ್ಟನ್, ಎಪ್ಪತ್ತನಾಲ್ಕು ವರ್ಷ. “ಈ ಮನೆಯಲ್ಲಿ ಯಾರೂ ಇಲ್ಲವೆಂದು ನಿಮ್ಮ ಇಂಜಿನಿಯರ್ ಬರೆದಿದ್ದಾರೆ. ನಲವತ್ತನಾಲ್ಕು ವರ್ಷದಿಂದ ಇಲ್ಲಿರುವ ನಾನು ಯಾರು ಎಂಬುದನ್ನು ಅವರೇ ಬಂದು ತಿಳಿಸಲಿ.” ಎರಡು ವಾರದಲ್ಲಿ ಹಿಯರಿಂಗ್. ಅಲ್ಲಿ ಸೋತರೆ ಮೂವತ್ತು ದಿನದೊಳಗೆ ಬುಲ್ಡೋಜರ್.

ಪಾಟೀಲ್ ಪತ್ರ ಓದಿ ಮಡಚಿಟ್ಟರು. “ಎರಡು ನಿಮಿಷದ ಕೆಲಸರಿ. ‘ರಿಪೋರ್ಟ್ ಸರಿ ಐತಿ’ ಅಂತ ಹೇಳಿ ಬಂದ್ಬಿಡ್ರಿ. ಆ ಬ್ಲಾಕ್ ಪೂರ್ತಿ ಒಬ್ಬ ಡೆವಲಪರ್‌ಗೆ ಬೇಕಾಗೇತಿ, ಟ್ರಕ್ ಟರ್ಮಿನಲ್‌ಗೆ. ಡಿಸೈನ್ ನಮಗ ಬರೂದೈತಿ.”

“ಆಕೆ ಕೈ ಬೀಸಿದ್ದು ನೀವೂ ನೋಡಿದ್ರಿ.”

“ರಿಪೋರ್ಟಿನಾಗ ಇಲ್ಲದ್ದು ನಾವು ನೋಡಿಲ್ರಿ.”

ಇಷ್ಟು ಖಚಿತವಾದ ಜ್ಞಾನಸಿದ್ಧಾಂತವನ್ನು ಯಾವ ಆಚಾರ್ಯರ ಬಾಯಲ್ಲೂ ನಾನು ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬನೇ ಹೋದೆ. ಮನೆಯ ಮುಂದೆ ಕಾರು ನಿಲ್ಲಿಸಿದವನು, ನಾಚಿಕೆ ಬಿಟ್ಟು ಹೇಳುತ್ತೇನೆ, ಐದು ನಿಮಿಷ ಲಾಕ್ ತೆಗೆಯಲಿಲ್ಲ. ಮಿಸೆಸ್ ಹ್ಯಾಂಪ್ಟನ್ ಪೋರ್ಚಿಗೆ ಬಂದರು.

“ಈ ಸಲ ಇಳೀತೀರಾ, ಇಲ್ಲ ಅಲ್ಲಿಂದ್ಲೇ ನೋಡ್ತೀರಾ?”

“ಇಳೀತೀನಿ.”

“ಹುಷಾರು, ಮನೆ ತಲೆ ಮೇಲೆ ಬಿದ್ದೀತು. ಯಾರೋ ಇಂಜಿನಿಯರ್ ಹಾಗಂತ ಬರ್ದಿದಾನೆ.”

ಮನೆಯ ಹಿಂಭಾಗಕ್ಕೆ ಕರೆದೊಯ್ದರು. ಅಲ್ಲಿ ಬಿಸಿಲು ತುಂಬಿದ ಅಡುಗೆಮನೆ, ಆಚೆ ಸೊಪ್ಪಿನ ಮಡಿಗಳು. ಮುಂದಿನ ಪ್ಲೈವುಡ್ ಯಾಕೆಂದು ಕೇಳಿದೆ. ಸುತ್ತಲ ಮನೆಗಳು ಖಾಲಿಯಾದ ಮೇಲೆ ಮೂರು ಸಲ ಗಾಜು ಒಡೆದಿದ್ದರಂತೆ. “ಗಾಜು ಹಾಕಿದ್ರೆ ಕಲ್ಲು ಬರತ್ತೆ, ಪ್ಲೈವುಡ್ ಹಾಕಿದ್ರೆ ಇಂಜಿನಿಯರ್ ಬರ್ತಾನೆ. ಕಲ್ಲೇ ವಾಸಿ.”

ನಾನು ಗೋಡೆಗಳಿಗೆ ತೂಗುಗುಂಡು ಬಿಟ್ಟು ನೋಡಿದೆ, ನೆಟ್ಟಗಿದ್ದವು. ಬೇಸ್‌ಮೆಂಟಿನ ತೊಲೆಗಳು ಗಟ್ಟಿ, ನೆಲ ಒಣ. ವಾಲಿದ ಕಂಬ ಎರಡು ದಿನದ ರಿಪೇರಿ. ಒಂದೇ ಒಂದು ಬಿರುಕು ಬೇಸ್‌ಮೆಂಟಿನ ಗೋಡೆಯಲ್ಲಿ ಓರೆಯಾಗಿ ಇಳಿದಿತ್ತು, ನನ್ನ ಕಣ್ಣು ಅಲ್ಲೇ ನಿಂತಿತು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಸಾಲುಸಾಲಾಗಿ ತಾರೀಕು, ಅಗಲ, ಮತ್ತೆ ತಾರೀಕು, ಅಗಲ.

ಮಿಸೆಸ್ ಹ್ಯಾಂಪ್ಟನ್ ಇಪ್ಪತ್ತಾರು ವರ್ಷ ಸ್ಟಾಂಪಿಂಗ್ ಪ್ಲಾಂಟಿನಲ್ಲಿ, ಅಂದರೆ ತಗಡು ಒತ್ತಿ ಕಾರಿನ ಬಾಗಿಲು ಮಾಡುವ ಕಾರ್ಖಾನೆಯಲ್ಲಿ, ಅಚ್ಚುಗಳನ್ನು ಹೊಂದಿಸುತ್ತಿದ್ದವರು. ಸಂದುಗಳ ಅಗಲ ಅಳೆಯುವ ಫೀಲರ್ ಗೇಜ್, ಅಂದರೆ ತೆಳು ಉಕ್ಕಿನ ಪಟ್ಟಿಗಳ ಗೊಂಚಲು, ಇನ್ನೂ ಅವರ ಏಪ್ರನ್ ಜೇಬಿನಲ್ಲಿತ್ತು. ವಸಂತಕ್ಕೊಮ್ಮೆ, ಚಳಿಗೆ ಮುಂಚೆ ಒಮ್ಮೆ ಆ ಬಿರುಕನ್ನು ಅಳೆದು ಬರೆದಿದ್ದರು. ಹತ್ತೊಂಬತ್ತು ವರ್ಷ, ಮೂವತ್ತೆಂಟು ಸಾಲು. ಬಿರುಕು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಒಂದು ಗೋಡೆಯ ಬಗ್ಗೆ ಇಷ್ಟು ನಿಷ್ಠೆಯ ದಾಖಲೆಯನ್ನು ನಾನೂ ಇಟ್ಟವನಲ್ಲ.

ಮೆಟ್ಟಿಲು ಹತ್ತುವಾಗ ಆಕೆ ಕೇಳಿದರು: “ಅವತ್ತು ನನ್ನ ನೋಡಿದ್ರಿ, ಅಲ್ವಾ?”

“ನೋಡಿದೆ.”

“ನಿಮ್ಮ ಕಡೆ ಒಬ್ಬ ಬಿಳಿ ಮುದುಕಿ ಹಾಗೆ ಕೈ ಬೀಸಿದ್ರೆ?”

ಇದ್ದದ್ದನ್ನೇ ಹೇಳಿದೆ. “ನಿಲ್ಲಿಸ್ತಿದ್ವಿ. ಏನ್ ಬೇಕು ಮ್ಯಾಮ್ ಅಂತಾನೂ ಕೇಳ್ತಿದ್ವಿ.”

“ಹಾಗಾದ್ರೆ ಹಿಯರಿಂಗ್‌ನಲ್ಲಿ ನೀವು ಅದನ್ನ ಹೇಳಿ. ಬಿರುಕಿನ ವಿಷಯ ನಾನೇ ಹೇಳ್ತೀನಿ.”

ಹಾಗೆಯೇ ಆಯಿತು. ನಗರಾಡಳಿತದ ಸಮಿತಿಯ ಮೂವರು ಸದಸ್ಯರ ಮುಂದೆ ಆಕೆ ಗೋಡೆಯ ಫೋಟೋ ಹರಡಿ, ಗೇಜಿನ ಪಟ್ಟಿಗಳನ್ನು ಬಿಚ್ಚಿ, ಪಾಠ ಹೇಳುವಂತೆ ವಿವರಿಸಿದರು. ನಂತರ ನಾನು ಎದ್ದು ಕಂಡದ್ದನ್ನೂ, ಕಂಡರೂ ಬರೆಯದೆ ಹೋದದ್ದನ್ನೂ, ಅದಕ್ಕೆ ಕಾರಣ ಆಕೆಯ ಬಣ್ಣ ಮತ್ತು ಬೀದಿ ಎಂಬುದನ್ನೂ ಹೇಳಿದೆ. ಕಂಪನಿಯ ವಕೀಲರು ನನ್ನ ಬಾಯಿ ಮುಚ್ಚಿಸಲು ಕೇಳಿದರು: “ಹಾಗಾದರೆ ಈ ಸರ್ವೆಯಲ್ಲಿ ನೀವು ರುಜು ಮಾಡಿರುವ ಉಳಿದ ನಾನೂರ ಹತ್ತು ಮನೆಗಳ ಗತಿಯೇನು?”

“ಗೊತ್ತಿಲ್ಲ. ಅವನ್ನೂ ನಾನು ನೋಡಿಲ್ಲ. ಅಷ್ಟೂ ರುಜುಗಳನ್ನ ವಾಪಸ್ ತಗೊಳ್ತಿದೀನಿ.”

ಮಿಸೆಸ್ ಹ್ಯಾಂಪ್ಟನ್ ಮನೆಯನ್ನು ಪಟ್ಟಿಯಿಂದ ತೆಗೆದರು. ಉಳಿದ ಪಟ್ಟಿಗೆ, ಮರುತಪಾಸಣೆ ಆಗುವ ತನಕ, ತಡೆ ಬಿತ್ತು. ಕಾರಿಡಾರಿನಲ್ಲಿ ಪಾಟೀಲ್ ಅಡ್ಡ ನಿಂತರು. “ಒಂದ್ ಮನಿ ಉಳಸಾಕ ಹೋಗಿ ಇಡೀ ಪ್ರಾಜೆಕ್ಟ್ ಕೆಡವಿದ್ರಲ್ರಿ ಸರ್!”

“ಅದಕ್ಕೂ ಐದು ಬರ್ಕೊಳ್ಳಿ, ಪಾಟೀಲ್ರೇ.”

ಮುಂದಿನ ಶುಕ್ರವಾರ ಕಂಪನಿ ನನ್ನ ಸೇವೆಯನ್ನು ಕೃತಜ್ಞತಾಪೂರ್ವಕವಾಗಿ ಕೊನೆಗೊಳಿಸಿತು. ಕೇಕ್ ಕೂಡ ಇತ್ತು. ಚೆನ್ನಾಗಿತ್ತು, ಎರಡು ತುಂಡು ತಿಂದೆ.

ಆ ಚಳಿಗಾಲ ಬರುವ ಮುನ್ನ ನಾನೂರ ಹತ್ತು ಮನೆಗಳಿಗೂ ನಡೆದು ಹೋದೆ. ನನ್ನಂಥ ಅಪರಿಚಿತನಿಗೆ ಆ ಬೀದಿಗಳಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ, ತೆರೆಯಬೇಕಾದ ಕಾರಣವನ್ನೂ ನಾವು ಕೊಟ್ಟಿರಲಿಲ್ಲ. ಹಾಗಾಗಿ ಮಿಸೆಸ್ ಹ್ಯಾಂಪ್ಟನ್ ಜೊತೆಗೆ ಬಂದರು. ನಾನು ‘ವಾಸ ಇಲ್ಲ’ ಎಂದು ಬರೆದಿದ್ದ ಹದಿನಾಲ್ಕು ಮನೆಗಳಲ್ಲಿ ಜನರಿದ್ದರು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ: ‘ಖಾಲಿ’ ಎಂಬುದು ಬಲವಿದ್ದವರು ಬರೆಯುವ ಪದ. ಬರೆಯುವ ಮೊದಲು ಬಾಗಿಲು ತಟ್ಟಬೇಕು, ಬರೆದು ತಪ್ಪಿದ್ದರೆ ಎಲ್ಲರೆದುರು ಅಳಿಸಬೇಕು.

ಹದಿನಾಲ್ಕನೆಯ ಮನೆಯ ಮುದುಕರು ಬಾಗಿಲನ್ನು ಅರ್ಧ ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವನ್ಯಾರು ಎಂದು ಕೇಳಿದರು.

ಮಿಸೆಸ್ ಹ್ಯಾಂಪ್ಟನ್ ಹೇಳಿದರು: “ನನ್ನ ಇಂಜಿನಿಯರ್. ಸ್ವಲ್ಪ ನಿಧಾನ. ಆದ್ರೆ ಕಲೀತಾನೆ.”